ಬೆಂಗಳೂರಿನ ರಾಕ್ ಬ್ಯಾಂಡ್‌ನಿಂದ ಲಂಡನ್‌ನ ನಂಬರ್ 1 ಪಟ್ಟಿಗೆ: 'ಕುಂಗ್ ಫೂ ಫೈಟಿಂಗ್' ಹಿಂದಿದ್ದ ಕನ್ನಡ ನೆಲದ ರೆಕಾರ್ಡ್ ಪ್ರೊಡ್ಯೂಸರ್ ಬಿದ್ದು ಯಾರು?

ದೆಹಲಿಯ ಮದುವೆ ಮನೆಯ ಡಿಜೆ ಆಗಲಿ, ಬೆಂಗಳೂರಿನ ಕಾಲೇಜು ಫೆಸ್ಟ್ ಆಗಲಿ, ಹಳೆಯ ಹಾಡುಗಳ ಸರದಿ ಬಂದಾಗ ಮೂರು ಹಾಡುಗಳು ತಪ್ಪದೇ ಬರುತ್ತವೆ. ಒಂದು, 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ'. ಎರಡನೆಯದು 'ಡಿಸ್ಕೋ ದೀವಾನೆ'. ಮೂರನೆಯದು ಅಲೀಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ'. ಇಂಗ್ಲಿಷ್ ಹಾಡುಗಳ ಸರದಿಯಾದರೆ ನಾಲ್ಕನೆಯದೂ ಸೇರುತ್ತದೆ, ಅದು 'ಕುಂಗ್ ಫೂ ಫೈಟಿಂಗ್'.

ಈ ಹಾಡುಗಳ ಗಾಯಕರು ಬೇರೆ ಬೇರೆ ದೇಶಗಳವರು. ಕಾರ್ಲ್ ಡಗ್ಲಸ್ ಜಮೈಕಾ ಮೂಲದವರು, ನಾಜಿಯಾ ಹಸನ್ ಪಾಕಿಸ್ತಾನದವರು, ಅಲೀಶಾ ಭಾರತದವರು. ಆದರೆ ಸ್ಟುಡಿಯೋದ ಗಾಜಿನ ಆಚೆ ಕುಳಿತು ಈ ಹಾಡುಗಳಿಗೆ ರೂಪ ಕೊಟ್ಟ ವ್ಯಕ್ತಿ ಒಬ್ಬರೇ. ಅವರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ, ಕೊಡಗು ಮೂಲದ ಬಿದ್ದು ಅಪ್ಪಯ್ಯ. ಜಗತ್ತಿಗೆ ಅವರು ಬರೀ 'ಬಿದ್ದು'.

ಹೆಸರು ಕೇಳಿ ಕನ್ನಡಿಗರಿಗೆ ಒಂದು ಕ್ಷಣ ನಗು ಬರಬಹುದು. ಆದರೆ ಬಿದ್ದಪ್ಪ, ಅಪ್ಪಯ್ಯ ಎಂಬ ಹೆಸರುಗಳು ಕೊಡಗಿನಲ್ಲಿ ಮನೆಮಾತು. ವಿಚಿತ್ರವೆಂದರೆ ಲಂಡನ್ ಮತ್ತು ಟೋಕಿಯೋದ ಸಂಗೀತ ಪ್ರಿಯರಿಗೆ ಪರಿಚಿತವಾದ ಈ ಹೆಸರು ಅವರ ಸ್ವಂತ ರಾಜ್ಯದಲ್ಲೇ ಅಷ್ಟಾಗಿ ಗೊತ್ತಿಲ್ಲ. ರಾಕ್ ಬ್ಯಾಂಡ್ ಹುಡುಗನೊಬ್ಬ ರೆಕಾರ್ಡ್ ಪ್ರೊಡ್ಯೂಸರ್ ಆಗಿ ಬೆಳೆದ ಹಾದಿಯ ಪೂರ್ಣ ವಿವರ ಇಲ್ಲಿದೆ.

ರೆಕಾರ್ಡ್ ಪ್ರೊಡ್ಯೂಸರ್ ಅಂದರೆ ಯಾರು?

ಸಿನಿಮಾದಲ್ಲಿ 'ಪ್ರೊಡ್ಯೂಸರ್' ಎಂದರೆ ಹಣ ಹಾಕುವ ನಿರ್ಮಾಪಕ. ಹಾಗಾಗಿ ರೆಕಾರ್ಡ್ ಪ್ರೊಡ್ಯೂಸರ್ ಕೂಡ ದುಡ್ಡು ಹಾಕುವವರೇ ಇರಬೇಕು ಎಂದು ಅನೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ಸಂಗೀತದ ರೆಕಾರ್ಡಿಂಗ್‌ನಲ್ಲಿ ಪ್ರೊಡ್ಯೂಸರ್ ಮಾಡುವ ಕೆಲಸ ಸಿನಿಮಾ ನಿರ್ದೇಶಕರ ಕೆಲಸಕ್ಕೆ ಹತ್ತಿರವಾದದ್ದು.

ಯಾವ ಹಾಡು ರೆಕಾರ್ಡ್ ಆಗಬೇಕು, ಯಾರು ಹಾಡಬೇಕು, ಯಾವ ಶ್ರುತಿಯಲ್ಲಿ, ಎಷ್ಟು ವೇಗದಲ್ಲಿ ಹಾಡಬೇಕು, ಡ್ರಮ್ಸ್ ಮುಂದಿರಬೇಕೋ ಗಿಟಾರ್ ಮುಂದಿರಬೇಕೋ, ವಯಲಿನ್ ತಂಡ ಬೇಕೋ ಬೇಡವೋ ಎಂಬುದನ್ನೆಲ್ಲ ನಿರ್ಧರಿಸುವುದು ಪ್ರೊಡ್ಯೂಸರ್. ಗಾಯಕರು ಹತ್ತು ಬಾರಿ ಹಾಡಿದರೆ ಅದರಲ್ಲಿ ಯಾವ ಟೇಕ್ ಉಳಿಸಿಕೊಳ್ಳಬೇಕು ಎಂದು ಹೇಳುವವರೂ ಅವರೇ. ಕೊಟ್ಟ ಬಜೆಟ್ ಮತ್ತು ಸ್ಟುಡಿಯೋ ಸಮಯದೊಳಗೆ ಕೆಲಸ ಮುಗಿಸುವ ಹೊಣೆಯೂ ಅವರ ಹೆಗಲ ಮೇಲೇ ಇರುತ್ತದೆ. ಬೀಟಲ್ಸ್ ತಂಡಕ್ಕೆ ಜಾರ್ಜ್ ಮಾರ್ಟಿನ್ ಹೇಗೋ, ಹಾಗೆ.

ನಮ್ಮ ಚಿತ್ರರಂಗದಲ್ಲಿ ಈ ಕೆಲಸದ ಬಹುಪಾಲನ್ನು ಸಂಗೀತ ನಿರ್ದೇಶಕರೇ ಮಾಡುತ್ತಾ ಬಂದಿದ್ದಾರೆ. ಆದ್ದರಿಂದಲೇ ಭಾರತದಲ್ಲಿ 'ರೆಕಾರ್ಡ್ ಪ್ರೊಡ್ಯೂಸರ್' ಎಂಬ ಪ್ರತ್ಯೇಕ ಹುದ್ದೆಗೆ ಹೆಸರು ಸಿಕ್ಕಿದ್ದು ತಡವಾಗಿ. ಆ ಹೆಸರನ್ನು ಇಲ್ಲಿನ ಕ್ಯಾಸೆಟ್ ಕವರ್‌ಗಳ ಮೇಲೆ ಎದ್ದು ಕಾಣುವಂತೆ ಮಾಡಿದವರಲ್ಲಿ ಬಿದ್ದು ಮೊದಲ ಸಾಲಿನವರು.

ಕಂಟೋನ್ಮೆಂಟ್ ಬೆಂಗಳೂರು ಮತ್ತು 'ಟ್ರೋಜನ್ಸ್'

ಬಿದ್ದು ಹುಟ್ಟಿದ್ದು 1940ರ ದಶಕದ ಬೆಂಗಳೂರಿನಲ್ಲಿ. ಆಗ ಪಾಶ್ಚಾತ್ಯ ಹಾಡು ಕೇಳಬೇಕೆಂದರೆ ಇದ್ದ ದೊಡ್ಡ ದಾರಿ ರೇಡಿಯೋ ಸಿಲೋನ್. ಹಿಂದಿ ಚಿತ್ರಗೀತೆಗಳಿಗೆ 'ಬಿನಾಕಾ ಗೀತ್‌ಮಾಲಾ' ಹೇಗೋ, ಇಂಗ್ಲಿಷ್ ಪಾಪ್ ಕೇಳುವ ಹುಡುಗರಿಗೂ ಅದೇ ನಿಲಯದ ಇಂಗ್ಲಿಷ್ ಪ್ರಸಾರವೇ ಆಸರೆ. ಹಾಡು ಕೇಳಿ, ಸಾಹಿತ್ಯ ಬರೆದುಕೊಂಡು, ಗಿಟಾರ್‌ನಲ್ಲಿ ಕಾರ್ಡ್ ಹುಡುಕಿಕೊಂಡು ಕಲಿಯುವುದೇ ಅಂದಿನ ಸಂಗೀತ ಶಾಲೆ.

ದಂಡು ಪ್ರದೇಶದ ಬೆಂಗಳೂರಿಗೆ ಬ್ರಿಟಿಷರ ಕಾಲದಿಂದಲೂ ಬ್ಯಾಂಡ್, ಬಾಲ್‌ರೂಮ್, ಕ್ಲಬ್‌ಗಳ ರೂಢಿ ಇತ್ತು. ಹಾಗಾಗಿ ರಾಕ್ ಅಂಡ್ ರೋಲ್ ಅಲೆ ಬಂದಾಗ ಇಲ್ಲಿ ಅದಕ್ಕೆ ಕಿವಿಗೊಡುವವರು ಇದ್ದರು. ಹದಿಹರೆಯದಲ್ಲೇ ಬಿದ್ದು ಗೆಳೆಯರ ಜೊತೆ 'ಟ್ರೋಜನ್ಸ್' ಎಂಬ ಬ್ಯಾಂಡ್ ಕಟ್ಟಿದರು. ಇಂಗ್ಲಿಷ್‌ನಲ್ಲಿ ಹಾಡಿ ಹೆಸರು ಮಾಡಿದ ಭಾರತದ ಮೊದಮೊದಲ ಪಾಪ್-ರಾಕ್ ತಂಡಗಳಲ್ಲಿ ಇದೂ ಒಂದು. ಬೆಂಗಳೂರಿನಿಂದ ಹೊರಟ ತಂಡ ಆಗಿನ ಕಲ್ಕತ್ತಾ ಮತ್ತು ಬಾಂಬೆಯವರೆಗೂ ಹೋಗಿ ಹಾಡಿತು. ಕಲ್ಕತ್ತಾದ ಪಾರ್ಕ್ ಸ್ಟ್ರೀಟ್‌ನಲ್ಲಿರುವ 'ಟ್ರಿಂಕಾಸ್' ರೆಸ್ಟೋರೆಂಟ್ ಆ ಕಾಲದ ಲೈವ್ ಸಂಗೀತದ ದೊಡ್ಡ ಅಡ್ಡಾ. ಮುಂದೆ ಉಷಾ ಉತ್ತುಪ್ ಹೆಸರು ಮಾಡಿದ ಅದೇ ವೇದಿಕೆಯಲ್ಲಿ ಬಿದ್ದು ಕೂಡ ಹಾಡಿದ್ದರು.

ಬ್ಯಾಂಡ್ ಹೆಚ್ಚು ದಿನ ಉಳಿಯಲಿಲ್ಲ. ಉಳಿದವರು ತಮ್ಮ ತಮ್ಮ ದಾರಿ ಹಿಡಿದರು. ಬಿದ್ದು ಒಬ್ಬರೇ ಗಿಟಾರ್ ಹಿಡಿದು 'ಲೋನ್ ಟ್ರೋಜನ್' ಎಂಬ ಹೆಸರಿನಲ್ಲಿ ಹಾಡತೊಡಗಿದರು. 'ಒಂಟಿ ಟ್ರೋಜನ್' ಎಂಬ ಆ ಹೆಸರಿನಲ್ಲಿ ತಮಾಷೆಯೂ ಇದೆ, ಹಟವೂ ಇದೆ.

ಅಂದಿನ ಭಾರತದಲ್ಲಿ ಹೀಗೆ ಹಾಡುವ ಹುಡುಗನಿಗೆ ಎಷ್ಟು ಎತ್ತರಕ್ಕೆ ಹೋಗಲು ಸಾಧ್ಯವಿತ್ತು? ರೆಸ್ಟೋರೆಂಟ್, ಹೋಟೆಲ್, ಕಾಲೇಜು ಕಾರ್ಯಕ್ರಮ ಅಷ್ಟೇ. ರೆಕಾರ್ಡಿಂಗ್ ಉದ್ಯಮ ಪೂರ್ತಿಯಾಗಿ ಚಿತ್ರಗೀತೆಗಳ ಮೇಲೆ ನಿಂತಿತ್ತು. ಆಮದು ನಿರ್ಬಂಧದ ಕಾಲವಾದ್ದರಿಂದ ಒಳ್ಳೆಯ ಎಲೆಕ್ಟ್ರಿಕ್ ಗಿಟಾರ್ ಸಿಗುವುದೇ ದುರ್ಲಭವಾಗಿತ್ತು. ಸ್ವಂತ ಹಾಡು ಬರೆದು ರೆಕಾರ್ಡ್ ಮಾಡಬೇಕು ಎನ್ನುವವರಿಗೆ ಬಾಗಿಲು ಮುಚ್ಚಿದ ಕಾಲವದು.

ಹೊಟ್ಟೆಪಾಡಿಗೆ ಅಡುಗೆಮನೆ, ಹಾಡಿಗೆ ಬಾಡಿಗೆ ಸ್ಟುಡಿಯೋ

1960ರ ದಶಕದ ಕೊನೆಯ ಭಾಗದಲ್ಲಿ ಬಿದ್ದು ಭಾರತ ಬಿಟ್ಟರು. ನೇರವಾಗಿ ವಿಮಾನ ಹತ್ತಿ ಲಂಡನ್‌ಗೆ ಇಳಿದ ಕಥೆ ಇದಲ್ಲ. ಮಧ್ಯಪ್ರಾಚ್ಯದ ಮೂಲಕ, ದಾರಿಯಲ್ಲಿ ಹಾಡಿ ಸಂಪಾದಿಸುತ್ತಾ ಹೋದ ಪಯಣವದು. ಇಂಗ್ಲೆಂಡ್ ಬಗ್ಗೆ ಆಗ ಅವರಿಗೆ ಗೊತ್ತಿದ್ದದ್ದು ಬೀಟಲ್ಸ್, ಟಾಮ್ ಜೋನ್ಸ್, ಫಿಶ್ ಅಂಡ್ ಚಿಪ್ಸ್ ಇಷ್ಟೇ ಎಂದು ಅವರೇ ಹೇಳಿಕೊಂಡಿದ್ದಾರೆ.

ಲಂಡನ್‌ನಲ್ಲಿ ಅವರಿಗಾಗಿ ಯಾರೂ ಕಾದಿರಲಿಲ್ಲ. ಸಂಗೀತ ಕಂಪನಿಗಳ ಬಾಗಿಲು ತಟ್ಟುವ ಜೊತೆಗೆ ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸ ಮಾಡಬೇಕಾಯಿತು. ಅಮೆರಿಕ ರಾಯಭಾರ ಕಚೇರಿಯ ಅಡುಗೆಮನೆಯಲ್ಲೂ ದುಡಿದರು. ಉಳಿಸಿದ ಹಣದಲ್ಲಿ ಸ್ಟುಡಿಯೋ ಬಾಡಿಗೆಗೆ ಪಡೆದು ಹಾಡು ರೆಕಾರ್ಡ್ ಮಾಡುವುದು, ಅದನ್ನು ಹೊತ್ತುಕೊಂಡು ಕಂಪನಿಯಿಂದ ಕಂಪನಿಗೆ ಅಲೆಯುವುದು, ಇದೇ ದಿನಚರಿ.

ಈ ಹಂತದಲ್ಲೇ ಅವರು ಒಂದು ಮುಖ್ಯ ತಿರುವು ತೆಗೆದುಕೊಂಡರು. ಗಾಯಕನಾಗಿ ಗೆಲ್ಲುವುದಕ್ಕಿಂತ ಹಾಡು ಬರೆದು, ಬೇರೆಯವರಿಂದ ಹಾಡಿಸಿ, ರೆಕಾರ್ಡ್ ಮಾಡಿಸುವುದರಲ್ಲಿ ತಮ್ಮ ಬಲವಿದೆ ಎಂದು ಕಂಡುಕೊಂಡರು. ಮೈಕ್ ಮುಂದಿನಿಂದ ಕನ್ಸೋಲ್ ಹಿಂದಕ್ಕೆ ಸರಿದರು.

ಮೊದಲ ಯಶಸ್ಸು ಬಂದಿದ್ದು ಬ್ರಿಟನ್‌ನಿಂದಲ್ಲ, ಜಪಾನ್‌ನಿಂದ. ಜಪಾನ್‌ನ ಜನಪ್ರಿಯ ಬ್ಯಾಂಡ್ 'ದಿ ಟೈಗರ್ಸ್' 1969ರಲ್ಲಿ 'ಸ್ಮೈಲ್ ಫಾರ್ ಮಿ' ಎಂಬ ಇಂಗ್ಲಿಷ್ ಹಾಡು ಹೊರತಂದಿತು. ಅದನ್ನು ಬರೆದವರು ಬೀ ಜೀಸ್ ಖ್ಯಾತಿಯ ಬ್ಯಾರಿ ಗಿಬ್ ಮತ್ತು ಮಾರಿಸ್ ಗಿಬ್. ಪ್ರೊಡ್ಯೂಸ್ ಮಾಡಿದ್ದು ಬಿದ್ದು. ಹಾಡು ಜಪಾನ್‌ನಲ್ಲಿ ಹಿಟ್ ಆಯಿತು. ಬೆಂಗಳೂರಿನ ಹುಡುಗ, ಬ್ರಿಟಿಷ್ ಗೀತರಚನೆಕಾರರು, ಜಪಾನಿ ಬ್ಯಾಂಡ್, ಹೀಗೆ ಗಡಿಗಳನ್ನು ಬೆರೆಸುವ ಕೆಲಸ ಅವರಿಗೆ ಅಲ್ಲಿಂದಲೇ ರೂಢಿಯಾಯಿತು.

ಹತ್ತು ನಿಮಿಷದ 'ಬಿ' ಸೈಡ್, 1.1 ಕೋಟಿ ಪ್ರತಿ

ಬಿದ್ದು ಬದುಕನ್ನು ಬದಲಿಸಿದ ಹಾಡಿನ ಕಥೆ ಸಂಗೀತ ಲೋಕದಲ್ಲಿ ಇಂದಿಗೂ ಮತ್ತೆ ಮತ್ತೆ ಹೇಳಲಾಗುವ ಕಥೆ. ಅದನ್ನು ಅರ್ಥ ಮಾಡಿಕೊಳ್ಳಲು 'ಎ' ಸೈಡ್ ಮತ್ತು 'ಬಿ' ಸೈಡ್ ಎಂದರೇನು ಎಂದು ತಿಳಿದಿರಬೇಕು. ಆಗ ಒಂದು ಹಾಡನ್ನು ಸಿಂಗಲ್ ಆಗಿ ಬಿಡುಗಡೆ ಮಾಡುವಾಗ ಸಣ್ಣ ವಿನೈಲ್ ತಟ್ಟೆಯ ಒಂದು ಬದಿಯಲ್ಲಿ ಮುಖ್ಯ ಹಾಡು ಇರುತ್ತಿತ್ತು. ಅದು 'ಎ' ಸೈಡ್. ತಟ್ಟೆಗೆ ಎರಡು ಬದಿ ಇರುವುದರಿಂದ ಇನ್ನೊಂದು ಬದಿ ತುಂಬಿಸಲು ಯಾವುದಾದರೂ ಒಂದು ಹಾಡು ಬೇಕು. ಅದು 'ಬಿ' ಸೈಡ್.

1974ರಲ್ಲಿ ಬಿದ್ದು 'ಐ ವಾಂಟ್ ಟು ಗಿವ್ ಯೂ ಮೈ ಎವೆರಿಥಿಂಗ್' ಎಂಬ ಹಾಡಿಗಾಗಿ ಕಾರ್ಲ್ ಡಗ್ಲಸ್ ಅವರನ್ನು ಕರೆಸಿದ್ದರು. ಅಮೆರಿಕದ ಲ್ಯಾರಿ ವೈಸ್ ಬರೆದ ಆ ಹಾಡೇ 'ಎ' ಸೈಡ್ ಆಗಬೇಕಿತ್ತು. ಸ್ಟುಡಿಯೋ ಅವಧಿ ಇದ್ದದ್ದು ಮೂರು ಗಂಟೆ. ಅದರಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ 'ಎ' ಸೈಡ್‌ಗೇ ಹೋಯಿತು. 'ಬಿ' ಸೈಡ್‌ಗೆ ಏನಾದರೂ ಇದೆಯಾ ಎಂದು ಬಿದ್ದು ಕೇಳಿದಾಗ ಡಗ್ಲಸ್ ತಾವು ಬರೆದಿದ್ದ ಕೆಲವು ಸಾಹಿತ್ಯಗಳನ್ನು ತೋರಿಸಿದರು. ಅದರಲ್ಲಿ ಕುಂಗ್ ಫೂ ಬಗ್ಗೆ ಬರೆದದ್ದನ್ನು ಬಿದ್ದು ಆರಿಸಿ ರಾಗ ಹಾಕಿದರು.

ಬ್ರೂಸ್ ಲೀ 1973ರಲ್ಲಿ ತೀರಿಕೊಂಡಿದ್ದರು. ಅದೇ ವರ್ಷ ತೆರೆಕಂಡ 'ಎಂಟರ್ ದಿ ಡ್ರ್ಯಾಗನ್' ಜಗತ್ತಿನ ಹುಡುಗರನ್ನೆಲ್ಲ ಕುಂಗ್ ಫೂ ಹುಚ್ಚಿಗೆ ತಳ್ಳಿತ್ತು. ಆದರೂ ಬಿದ್ದು ಈ ಹಾಡನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. 'ಬಿ' ಸೈಡ್ ತಾನೇ, ಯಾರು ಕೇಳುತ್ತಾರೆ ಎಂಬ ಧೈರ್ಯದಲ್ಲಿ 'ಹೂ', 'ಹಾ' ಎಂಬ ಕೂಗು, ಕರಾಟೆ ಹೊಡೆತದ ಸದ್ದುಗಳನ್ನೆಲ್ಲ ಮನಸೋ ಇಚ್ಛೆ ಸೇರಿಸಿದರು. ಕೊನೆಯ ಹತ್ತು ನಿಮಿಷದಲ್ಲಿ, ಎರಡೇ ಟೇಕ್‌ನಲ್ಲಿ ರೆಕಾರ್ಡಿಂಗ್ ಮುಗಿಯಿತು.

ಪೈ ರೆಕಾರ್ಡ್ಸ್ ಕಂಪನಿಯ ರಾಬಿನ್ ಬ್ಲಾಂಚ್‌ಫ್ಲವರ್ ಎರಡೂ ಹಾಡು ಕೇಳಿದರು. 'ಬಿ' ಸೈಡನ್ನೇ 'ಎ' ಸೈಡ್ ಮಾಡಬೇಕು ಎಂದು ಪಟ್ಟು ಹಿಡಿದರು. ಮೊದಲ ಕೆಲವು ವಾರ ರೇಡಿಯೋ ಹಾಡನ್ನು ಮುಟ್ಟಲಿಲ್ಲ, ಮಾರಾಟವೂ ಮಂಕಾಗಿತ್ತು. ಆಮೇಲೆ ಡ್ಯಾನ್ಸ್ ಕ್ಲಬ್‌ಗಳು ಅದನ್ನು ಹಿಡಿದುಕೊಂಡವು. 1974ರ ಸೆಪ್ಟೆಂಬರ್ 21ರಂದು 'ಕುಂಗ್ ಫೂ ಫೈಟಿಂಗ್' ಬ್ರಿಟನ್ ಪಟ್ಟಿಯಲ್ಲಿ ನಂಬರ್ 1 ಆಯಿತು. ಡಿಸೆಂಬರ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಪ್ರತಿಗಳು ಮಾರಾಟವಾದವು ಎಂದು ಹೇಳಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬಿದ್ದು ಅವರ ಅತಿ ದೊಡ್ಡ ಹಿಟ್ ಅವರ ಸ್ವಂತ ಲೆಕ್ಕಾಚಾರಕ್ಕೆ ವಿರುದ್ಧವಾಗಿ ಬಂದದ್ದು. ಯಾವುದು ಗೆಲ್ಲುತ್ತದೆ ಎಂಬ ಅವರ ಅಂದಾಜು ಅಂದು ತಪ್ಪಿತ್ತು. ಆದರೆ ಹತ್ತೇ ನಿಮಿಷ ಉಳಿದಿದ್ದಾಗಲೂ ಆ ಹಾಡನ್ನು ಕೈಬಿಡದೆ ಮುಗಿಸಿದ್ದು, ಯಾರೂ ಕೇಳುವುದಿಲ್ಲ ಎಂದುಕೊಂಡಾಗಲೂ ಅದರಲ್ಲಿ ಮಜಾ ತುಂಬಿದ್ದು ಅವರ ಕೈಚಳಕ.

ಟೀನಾ ಚಾರ್ಲ್ಸ್, ಡಿಸ್ಕೋ ಮತ್ತು ಬಿದ್ದು ಆರ್ಕೆಸ್ಟ್ರಾ

ಒಂದು ಹಿಟ್ ಅದೃಷ್ಟದಿಂದ ಬರಬಹುದು. ಆದರೆ ಮುಂದಿನ ನಾಲ್ಕು ವರ್ಷ ಬಿದ್ದು ಬ್ರಿಟಿಷ್ ಡಿಸ್ಕೋ ಸಂಗೀತದ ಪ್ರಮುಖ ಹೆಸರಾಗಿ ಉಳಿದರು.

1975ರಲ್ಲಿ 'ಬಿದ್ದು ಆರ್ಕೆಸ್ಟ್ರಾ' ಹೆಸರಿನಲ್ಲಿ ಬಂದ 'ಸಮ್ಮರ್ ಆಫ್ 42' ಎಂಬ ವಾದ್ಯ ಸಂಗೀತ ಬ್ರಿಟನ್‌ನ ಟಾಪ್ 20 ಒಳಗೆ ಬಂತು. ಮಿಶೆಲ್ ಲೆಗ್ರಾಂಡ್ ಅವರ ಚಿತ್ರ ಸಂಗೀತವನ್ನು ಬಿದ್ದು ಡ್ಯಾನ್ಸ್ ಫ್ಲೋರ್‌ಗೆ ತಂದಿದ್ದರು. 1976ರಲ್ಲಿ 'ರೈನ್ ಫಾರೆಸ್ಟ್' ಬಂತು. ಗಾಯಕರೇ ಇಲ್ಲದ ರೆಕಾರ್ಡ್‌ಗೆ ಪ್ರೊಡ್ಯೂಸರ್ ಹೆಸರೇ ಮುಖವಾಯಿತು.

ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' 1976ರ ಮಾರ್ಚ್‌ನಲ್ಲಿ ಮೂರು ವಾರ ಬ್ರಿಟನ್‌ನ ನಂಬರ್ 1 ಸ್ಥಾನದಲ್ಲಿತ್ತು. ಅದೇ ವರ್ಷ ಅವರದ್ದೇ 'ಡ್ಯಾನ್ಸ್ ಲಿಟಲ್ ಲೇಡಿ ಡ್ಯಾನ್ಸ್', 'ಡಾಕ್ಟರ್ ಲವ್' ಹಾಡುಗಳು ಟಾಪ್ 10 ಪ್ರವೇಶಿಸಿದವು. ಜಿಮ್ಮಿ ಜೇಮ್ಸ್ ಅಂಡ್ ದಿ ವ್ಯಾಗಬಾಂಡ್ಸ್ ತಂಡದ 'ನೌ ಈಸ್ ದಿ ಟೈಮ್' ಕೂಡ 1976ರ ಹಿಟ್. ಈ ಎಲ್ಲದರ ಹಿಂದೆ ಇದ್ದವರು ಬಿದ್ದು. ತುಂಬಿದ ವಯಲಿನ್ ತಂಡ, ಅಡಿಯಲ್ಲಿ ಗಟ್ಟಿ ಬೇಸ್ ಗಿಟಾರ್, ಒಮ್ಮೆ ಕೇಳಿದರೆ ನಾಲಿಗೆಯಲ್ಲಿ ಉಳಿಯುವ ಪಲ್ಲವಿ, ಇದು ಅವರ ಛಾಪು.

ರಾಕ್ ಸಂಗೀತಕ್ಕೆ ಒಂದು ಪರೋಕ್ಷ ಕೊಡುಗೆ

ಟೀನಾ ಚಾರ್ಲ್ಸ್ ಅವರ ಬ್ಯಾಂಡ್‌ನಲ್ಲಿ ಆಗ ಬೇಸ್ ಗಿಟಾರ್ ನುಡಿಸುತ್ತಿದ್ದ ಯುವಕನೊಬ್ಬನಿದ್ದ. ಹೆಸರು ಟ್ರೆವರ್ ಹಾರ್ನ್. ಬಿದ್ದು ಹೇಗೆ ಹಾಡು ಕಟ್ಟುತ್ತಾರೆ, ಬ್ಯಾಕಿಂಗ್ ಟ್ರ್ಯಾಕ್ ಹೇಗೆ ಅಷ್ಟು ಅಚ್ಚುಕಟ್ಟಾಗಿ ಮೂಡಿಬರುತ್ತದೆ ಎಂಬುದನ್ನು ಆತ ಹತ್ತಿರದಿಂದ ನೋಡಿದ. ಅದೇ ಬ್ಯಾಂಡ್‌ನಲ್ಲಿ ಕೀಬೋರ್ಡ್ ನುಡಿಸಿದ್ದ ಜೆಫ್ ಡೌನ್ಸ್ ಜೊತೆ ಸೇರಿ 'ದಿ ಬಗಲ್ಸ್' ಕಟ್ಟಿದ. 1979ರ 'ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್' ಅವರದ್ದೇ. 1981ರಲ್ಲಿ ಅಮೆರಿಕದಲ್ಲಿ ಎಂಟಿವಿ ಶುರುವಾದಾಗ ಮೊದಲು ಪ್ರಸಾರವಾದ ವಿಡಿಯೋ ಅದು.

ಮುಂದೆ ಟ್ರೆವರ್ ಹಾರ್ನ್ ರಾಕ್ ಲೋಕದ ದೊಡ್ಡ ಪ್ರೊಡ್ಯೂಸರ್ ಆದರು. ರಾಕ್ ಬ್ಯಾಂಡ್ 'ಯೆಸ್' 1983ರಲ್ಲಿ ತಂದ '90125' ಆಲ್ಬಂ, ಅದರ 'ಓನರ್ ಆಫ್ ಎ ಲೋನ್ಲಿ ಹಾರ್ಟ್' ಹಾಡು, ಫ್ರಾಂಕಿ ಗೋಸ್ ಟು ಹಾಲಿವುಡ್ ತಂಡದ 'ರಿಲ್ಯಾಕ್ಸ್' ಅವರ ಕೈಯಿಂದ ಬಂದವು. ಪ್ರೊಡ್ಯೂಸರ್ ವೃತ್ತಿಗೆ ಕಾಲೇಜು ಇರಲಿಲ್ಲ. ಒಬ್ಬರ ಸ್ಟುಡಿಯೋದಲ್ಲಿ ಕಣ್ಣು ಕಿವಿ ತೆರೆದು ಕೂತವರು ಮುಂದಿನ ತಲೆಮಾರಿನ ಗುರುಗಳಾಗುತ್ತಿದ್ದರು.

ಫಿರೋಜ್ ಖಾನ್ ಕರೆ ಮತ್ತು 15ರ ಹುಡುಗಿ

ಭಾರತಕ್ಕೆ ಬಿದ್ದು ಮರಳಿದ್ದು ಇನ್ನೊಬ್ಬ ಬೆಂಗಳೂರಿಗರ ಮೂಲಕ. ನಟ, ನಿರ್ದೇಶಕ ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲೇ. 'ಕುರ್ಬಾನಿ' ಚಿತ್ರಕ್ಕೆ ಕಲ್ಯಾಣ್‌ಜಿ-ಆನಂದ್‌ಜಿ ಸಂಗೀತ ನೀಡಿದ್ದರು. ಆದರೆ ಒಂದೇ ಒಂದು ಹಾಡನ್ನು ಮಾತ್ರ ಬಿದ್ದು ಅವರಿಂದ ಮಾಡಿಸಬೇಕೆಂದು ಫಿರೋಜ್ ಖಾನ್ ಲಂಡನ್‌ಗೆ ಹೋದರು.

ಆ ಹಾಡಿಗೆ ಆರಿಸಿದ್ದು ಯಾವುದೇ ಹೆಸರಾಂತ ಗಾಯಕಿಯನ್ನಲ್ಲ. ಕರಾಚಿಯಲ್ಲಿ ಹುಟ್ಟಿ ಲಂಡನ್‌ನಲ್ಲಿ ಓದುತ್ತಿದ್ದ ಶಾಲಾ ಹುಡುಗಿ ನಾಜಿಯಾ ಹಸನ್ ಅವರನ್ನು. ಲತಾ, ಆಶಾ ಧ್ವನಿಗೆ ಒಗ್ಗಿದ್ದ ಕಿವಿಗಳಿಗೆ ತುಸು ಮೂಗಿನಲ್ಲಿ ಹೊರಡುವ, ತರಬೇತಿಯಿಲ್ಲದ ಆ ಎಳೆಯ ಧ್ವನಿ ಹೊಸದಾಗಿತ್ತು. ಹಾಡು ಲಂಡನ್‌ನಲ್ಲಿ ಮಲ್ಟಿ-ಟ್ರ್ಯಾಕ್ ವಿಧಾನದಲ್ಲಿ ರೆಕಾರ್ಡ್ ಆಯಿತು. ಅಂದರೆ ಡ್ರಮ್ಸ್, ಬೇಸ್, ಗಿಟಾರ್, ಧ್ವನಿ ಎಲ್ಲವನ್ನೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಹಿಡಿದು ಆಮೇಲೆ ಹದವಾಗಿ ಬೆರೆಸುವುದು. ಆಗ ಮುಂಬೈನಲ್ಲಿ ವಾದ್ಯಗಾರರೂ ಗಾಯಕರೂ ಒಟ್ಟಿಗೆ ನಿಂತು ಹಾಡಿ ಮುಗಿಸುವುದೇ ಸಾಮಾನ್ಯ ಪದ್ಧತಿ. 'ಆಪ್ ಜೈಸಾ ಕೋಯಿ' ಹಾಡಿನ ಬೇಸ್ ಸದ್ದು ಆಗಿನ ಬೇರೆ ಚಿತ್ರಗೀತೆಗಳಿಗಿಂತ ಬೇರೆಯಾಗಿ ಕೇಳಿಸಲು ಇದೇ ಕಾರಣ.

1980ರಲ್ಲಿ ಚಿತ್ರ ತೆರೆಕಂಡಿತು. ಜೀನತ್ ಅಮಾನ್ ಮೇಲೆ ಚಿತ್ರಿತವಾದ ಹಾಡು ದೇಶವನ್ನೇ ಕುಣಿಸಿತು. ನಾಜಿಯಾಗೆ ಅತ್ಯುತ್ತಮ ಹಿನ್ನೆಲೆ ಗಾಯಕಿ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಹಾಡಿದಾಗ ಆಕೆಗೆ 15ರ ಆಸುಪಾಸು.

ಸಿನಿಮಾ ಇಲ್ಲದೆಯೂ ಹಾಡು ಗೆಲ್ಲಬಹುದು

1981ರಲ್ಲಿ ಬಿದ್ದು ಇನ್ನೂ ದೊಡ್ಡ ಸಾಹಸಕ್ಕೆ ಕೈ ಹಾಕಿದರು. ನಾಜಿಯಾ ಮತ್ತು ಅವರ ಸಹೋದರ ಜೊಹೆಬ್ ಹಸನ್ ಅವರನ್ನು ಇಟ್ಟುಕೊಂಡು 'ಡಿಸ್ಕೋ ದೀವಾನೆ' ಎಂಬ ಪೂರ್ಣ ಆಲ್ಬಂ ಮಾಡಿದರು. ಇದಕ್ಕೆ ಸಿನಿಮಾ ಇರಲಿಲ್ಲ, ನಾಯಕ ನಾಯಕಿ ಇರಲಿಲ್ಲ. ಚಿತ್ರಗೀತೆಯೇ ಸರ್ವಸ್ವವಾಗಿದ್ದ ಮಾರುಕಟ್ಟೆಯಲ್ಲಿ ಹೀಗೆ ಪಾಪ್ ಆಲ್ಬಂ ಬಿಡುವುದು ಜೂಜೇ ಸರಿ. ಆದರೆ ಆಲ್ಬಂ ಭಾರತ, ಪಾಕಿಸ್ತಾನ ಎರಡೂ ಕಡೆ ದಾಖಲೆ ಮಾರಾಟ ಕಂಡಿತು. ದೂರದ ಬ್ರೆಜಿಲ್‌ನಲ್ಲೂ ಸದ್ದು ಮಾಡಿತು.

1982ರಲ್ಲಿ 'ಸ್ಟಾರ್' ಚಿತ್ರಕ್ಕೆ ಬಿದ್ದು ಸಂಗೀತ ನೀಡಿದರು. ಕುಮಾರ್ ಗೌರವ್ ನಟಿಸಿದ್ದ ಚಿತ್ರ ಸೋತರೂ 'ಬೂಮ್ ಬೂಮ್' ಹಾಡು ಉಳಿಯಿತು. 1984ರಲ್ಲಿ 'ಯಂಗ್ ತರಂಗ್' ಆಲ್ಬಂ ಬಂತು. ಗಡಿಯ ಎರಡೂ ಕಡೆಯ ಯುವಜನರಿಗೆ ಒಂದೇ ಹಾಡು ಇಷ್ಟವಾಗುತ್ತಿದ್ದ ಆ ದಿನಗಳ ಸಂಗೀತವನ್ನು ಕಟ್ಟಿದ್ದು ಬೆಂಗಳೂರಿನವರೊಬ್ಬರು ಮತ್ತು ಕರಾಚಿಯ ಅಕ್ಕ-ತಮ್ಮ ಲಂಡನ್‌ನಲ್ಲಿ ಕುಳಿತು ಎಂಬುದು ಇಂದು ನೆನೆದರೆ ಅಚ್ಚರಿ ಎನಿಸುತ್ತದೆ.

ಇದೇ ಅವಧಿಯ ನಂತರ ಜಪಾನ್ ನಂಟೂ ಮತ್ತೆ ಚಿಗುರಿತು. ಅಕಿನಾ ನಕಾಮೊರಿ ಹಾಡಿದ, 1987ರಲ್ಲಿ ಜಪಾನ್‌ನ ಒರಿಕಾನ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ 'ಬ್ಲಾಂಡ್' ಹಾಡಿನ ರಚನೆಯಲ್ಲೂ ಬಿದ್ದು ಪಾಲಿದೆ.

'ಮೇಡ್ ಇನ್ ಇಂಡಿಯಾ': ಮೊದಲ ಆಯ್ಕೆ ಅಲೀಶಾ ಆಗಿರಲಿಲ್ಲ!

1991ರ ಆರ್ಥಿಕ ಉದಾರೀಕರಣದ ನಂತರ ಕೇಬಲ್ ಟಿವಿ ಬಂತು. ಸಂಗೀತ ವಾಹಿನಿಗಳು ಬಂದವು. ಚಿತ್ರಗೀತೆಯಲ್ಲದ ಹಾಡಿಗೂ ಮುಖ ತೋರಿಸುವ ಜಾಗ ಸಿಕ್ಕಿತು. ಬಿದ್ದು ಮತ್ತೆ ಭಾರತದತ್ತ ಹೊರಳಿದರು. ಶ್ವೇತಾ ಶೆಟ್ಟಿ ಅವರ 'ಜಾನಿ ಜೋಕರ್' ಆಲ್ಬಂ 1993ರಲ್ಲಿ ಗಮನ ಸೆಳೆಯಿತು.

'ಮೇಡ್ ಇನ್ ಇಂಡಿಯಾ' ಹಾಡನ್ನು ಬಿದ್ದು ಮೊದಲು ಯೋಚಿಸಿದ್ದು ನಾಜಿಯಾ ಹಸನ್ ಅವರಿಗಾಗಿ. ಆದರೆ ಪಾಕಿಸ್ತಾನದ ತನ್ನ ಅಭಿಮಾನಿಗಳಿಗೆ ಈ ಹಾಡಿನಿಂದ ನೋವಾಗಬಹುದು ಎಂದು ನಾಜಿಯಾ ಒಪ್ಪಲಿಲ್ಲ. ಭಾರತದ ಹುಡುಗ ಬೇಕು ಎಂದು ಹಾಡುವುದು ಅಲ್ಲಿನವರಿಗೆ ಹೇಗೆ ಕೇಳಿಸುತ್ತದೆ ಎಂಬ ಅಳುಕು ಸಹಜವೇ. 1981ರಲ್ಲಿ ಅಡ್ಡ ಬಾರದ ಗಡಿ ಈಗ ಅಡ್ಡ ಬಂದಿತ್ತು. ಹಾಡು ಅಲೀಶಾ ಚಿನಾಯ್ ಪಾಲಾಯಿತು.

1995ರಲ್ಲಿ ಮ್ಯಾಗ್ನಾಸೌಂಡ್ ಕಂಪನಿ ಆಲ್ಬಂ ಹೊರತಂದಿತು. ಕೆನ್ ಘೋಷ್ ನಿರ್ದೇಶಿಸಿದ ವಿಡಿಯೋದಲ್ಲಿ ಅಲೀಶಾ ರಾಣಿ, ಮಿಲಿಂದ್ ಸೋಮನ್ ಆಕೆಯ ಮನಗೆದ್ದವ. ಲಕ್ಷಗಟ್ಟಲೆ ಕ್ಯಾಸೆಟ್‌ಗಳು ಮಾರಾಟವಾದವು. 'ಇಂಡಿಪಾಪ್' ಎಂಬ ಪದ ಮನೆಮಾತಾಯಿತು. ಮುಂದೆ 'ಸಂಸಾರ' ಎಂಬ ತಂಡವನ್ನೂ ಬಿದ್ದು ಬೆಳಕಿಗೆ ತಂದರು.

ನಾಜಿಯಾ ಹಸನ್ 2000ದ ಆಗಸ್ಟ್ 13ರಂದು ಲಂಡನ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ ಬರೀ 35 ವರ್ಷ.

ದೆಹಲಿಯ ದಾರಿ ಬೇರೆ

ಬಿದ್ದು ಮಾದರಿಯಲ್ಲಿ ಪ್ರೊಡ್ಯೂಸರ್ ಹಾಡು ತರುತ್ತಾರೆ, ಗಾಯಕರನ್ನು ಆರಿಸುತ್ತಾರೆ, ಸದ್ದು ನಿರ್ಧರಿಸುತ್ತಾರೆ. ದೆಹಲಿಯಲ್ಲೂ ಇಂಥ ಪ್ರೊಡ್ಯೂಸರ್ ಇದ್ದರು. 1995ರಲ್ಲೇ, ಅದೇ ಮ್ಯಾಗ್ನಾಸೌಂಡ್‌ನಿಂದ ಬಂದ ದಲೇರ್ ಮೆಹಂದಿ ಅವರ 'ಬೋಲೋ ತಾ ರಾ ರಾ' ಹಿಂದೆ ಇದ್ದವರು ದೆಹಲಿಯ ಜವಾಹರ್ ವಾಟ್ಟಲ್. ಶಾಸ್ತ್ರೀಯ ಗಾಯಕಿ ಶುಭಾ ಮುದ್ಗಲ್ ಅವರನ್ನು 'ಅಲಿ ಮೋರೆ ಅಂಗನಾ' ಆಲ್ಬಂ ಮೂಲಕ ಪಾಪ್ ಕೇಳುಗರಿಗೆ ಪರಿಚಯಿಸಿದವರೂ ಅವರೇ.

ಆದರೆ ದೆಹಲಿಯ ರಾಕ್ ತಂಡಗಳು ಹಿಡಿದ ದಾರಿ ಬೇರೆ. 1990ರಲ್ಲಿ ಶುರುವಾದ 'ಇಂಡಿಯನ್ ಓಷನ್' ತನ್ನ ಸದ್ದನ್ನು ತಾನೇ ಕಂಡುಕೊಂಡಿತು. 2000ದಲ್ಲಿ ಬಂದ 'ಕಂದೀಸಾ' ಅವರಿಗೆ ದೊಡ್ಡ ಹೆಸರು ತಂದಿತು. 2010ರ ಆಲ್ಬಂಗೆ ಅವರು ಇಟ್ಟ ಹೆಸರು '16/330 ಖಜೂರ್ ರೋಡ್'. ಅದು ಕರೋಲ್ ಬಾಗ್‌ನಲ್ಲಿ ಅವರು ತಾಲೀಮು ನಡೆಸುತ್ತಿದ್ದ ಹಳೆಯ ಬಂಗಲೆಯ ವಿಳಾಸ. ಆ ಹಾಡುಗಳನ್ನು ಅವರು ಅಂತರ್ಜಾಲದಲ್ಲಿ ಉಚಿತವಾಗಿ ಹಂಚಿದರು. 1991ರಲ್ಲಿ ಹುಟ್ಟಿದ ದೆಹಲಿಯ ಇನ್ನೊಂದು ರಾಕ್ ತಂಡ 'ಪರಿಕ್ರಮ' ಕೂಡ ಕಂಪನಿಗಳ ಹಿಂದೆ ಬೀಳದೆ ಹಾಡುಗಳನ್ನು ಉಚಿತವಾಗಿಯೇ ಕೊಟ್ಟಿತು. ವೇದಿಕೆ ಕಾರ್ಯಕ್ರಮವೇ ಅವರ ಆದಾಯ.

ಎರಡೂ ದಾರಿಯಲ್ಲಿ ಲಾಭ ನಷ್ಟ ಎರಡೂ ಇವೆ. ಪ್ರೊಡ್ಯೂಸರ್ ಇದ್ದರೆ ಹೊರಗಿನ ಕಿವಿಯೊಂದು ಸಿಗುತ್ತದೆ, ಸಮಯಕ್ಕೆ ಕೆಲಸ ಮುಗಿಯುತ್ತದೆ, ಹಾಡು ದೊಡ್ಡ ಮಾರುಕಟ್ಟೆ ತಲುಪುತ್ತದೆ. ಆದರೆ ಗಾಯಕರು ಪ್ರೊಡ್ಯೂಸರ್ ನೆರಳಿನಲ್ಲೇ ಉಳಿಯುವ ಅಪಾಯವೂ ಇದೆ. ಕಾರ್ಲ್ ಡಗ್ಲಸ್ ಅವರನ್ನು ಜಗತ್ತು ಇಂದಿಗೂ ನೆನೆಯುವುದು ಒಂದೇ ಹಾಡಿಗೆ. ಬ್ಯಾಂಡ್ ತಾನೇ ಎಲ್ಲವನ್ನೂ ಮಾಡಿಕೊಂಡರೆ ಸ್ವಾತಂತ್ರ್ಯ ಉಳಿಯುತ್ತದೆ, ಆದರೆ ಹೆಸರು ಬರಲು ಹತ್ತು ವರ್ಷ ಬೇಕಾಗಬಹುದು. ಇಂಡಿಯನ್ ಓಷನ್‌ಗೆ ಆದದ್ದು ಅದೇ.

ಒಂದು ನೋಟದಲ್ಲಿ ಬಿದ್ದು

* 1960ರ ದಶಕ: ಬೆಂಗಳೂರಿನಲ್ಲಿ 'ಟ್ರೋಜನ್ಸ್' ಬ್ಯಾಂಡ್, ನಂತರ 'ಲೋನ್ ಟ್ರೋಜನ್', ದಶಕದ ಕೊನೆಗೆ ಲಂಡನ್
* 1969: ಜಪಾನ್‌ನ ದಿ ಟೈಗರ್ಸ್ ತಂಡಕ್ಕೆ 'ಸ್ಮೈಲ್ ಫಾರ್ ಮಿ'
* 1974: 'ಕುಂಗ್ ಫೂ ಫೈಟಿಂಗ್', ಬ್ರಿಟನ್ ಮತ್ತು ಅಮೆರಿಕದಲ್ಲಿ ನಂಬರ್ 1
* 1975: ಬಿದ್ದು ಆರ್ಕೆಸ್ಟ್ರಾದ 'ಸಮ್ಮರ್ ಆಫ್ 42'
* 1976: ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್', ಬ್ರಿಟನ್ ನಂಬರ್ 1
* 1980: 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ'
* 1981: 'ಡಿಸ್ಕೋ ದೀವಾನೆ' ಆಲ್ಬಂ
* 1982: 'ಸ್ಟಾರ್' ಚಿತ್ರ, 'ಬೂಮ್ ಬೂಮ್' ಹಾಡು
* 1984: 'ಯಂಗ್ ತರಂಗ್' ಆಲ್ಬಂ
* 1993: ಶ್ವೇತಾ ಶೆಟ್ಟಿ ಅವರ 'ಜಾನಿ ಜೋಕರ್'
* 1995: ಅಲೀಶಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ'
* 2010: ಆತ್ಮಕಥೆ 'ಮೇಡ್ ಇನ್ ಇಂಡಿಯಾ' ಪ್ರಕಟ

ಹಾಡು ಉಳಿಯಿತು, ಹೆಸರು?

2008ರ 'ಕುಂಗ್ ಫೂ ಪಾಂಡಾ' ಚಿತ್ರಕ್ಕಾಗಿ ಸೀಲೋ ಗ್ರೀನ್ ಮತ್ತು ಜ್ಯಾಕ್ ಬ್ಲ್ಯಾಕ್ 'ಕುಂಗ್ ಫೂ ಫೈಟಿಂಗ್' ಅನ್ನು ಮತ್ತೆ ಹಾಡಿದರು. 2012ರಲ್ಲಿ ಕರಣ್ ಜೋಹರ್ ಅವರ 'ಸ್ಟೂಡೆಂಟ್ ಆಫ್ ದಿ ಇಯರ್' ಚಿತ್ರದಲ್ಲಿ 'ಡಿಸ್ಕೋ ದೀವಾನೆ' ಹೊಸ ರೂಪದಲ್ಲಿ ಬಂತು. ಈ ಎರಡು ಚಿತ್ರ ನೋಡಿದ ಮಕ್ಕಳಿಗೆ ಹಾಡು ಗೊತ್ತು. ಅದರ ಬೇರು ಬೆಂಗಳೂರಿನವರೆಗೆ ಬರುತ್ತದೆ ಎಂದು ಎಷ್ಟು ಮಂದಿಗೆ ಗೊತ್ತು?

ವಿನೈಲ್ ತಟ್ಟೆಯ ನಡುವಿನ ಲೇಬಲ್ ಮೇಲೆ, ಕ್ಯಾಸೆಟ್‌ನ ಒಳಹಾಳೆಯ ಮೇಲೆ ಪ್ರೊಡ್ಯೂಸರ್ ಹೆಸರು ಅಚ್ಚಾಗಿರುತ್ತಿತ್ತು. ಆಸಕ್ತಿ ಇದ್ದವರು ಓದುತ್ತಿದ್ದರು. ಈಗ ಮೊಬೈಲ್ ಆ್ಯಪ್‌ನಲ್ಲಿ ಹಾಡು ಕೇಳುವಾಗ ಕಣ್ಣಿಗೆ ಬೀಳುವುದು ಗಾಯಕರ ಹೆಸರು ಮತ್ತು ಚಿತ್ರದ ಪೋಸ್ಟರ್. ಉಳಿದ ಹೆಸರುಗಳನ್ನು ನೋಡಬೇಕೆಂದರೆ ಇನ್ನೆರಡು ಕಡೆ ಒತ್ತಬೇಕು.

ಬಿದ್ದು ಊರು ಬಿಟ್ಟ ಕಾಲಕ್ಕೂ ಈಗಿನ ಕಾಲಕ್ಕೂ ಅಜಗಜಾಂತರ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ಅವರ ಸಂಸ್ಥೆಯಿಂದ ಬಂದು ಕನ್ನಡ ಹಾಡುಗಳನ್ನು ದೇಶ ವಿದೇಶಕ್ಕೆ ತಲುಪಿಸಿತು. ಇಂದು ಬೆಂಗಳೂರು, ಮೈಸೂರು, ಮಂಗಳೂರಿನ ಹುಡುಗ ಹುಡುಗಿಯರು ಮಲಗುವ ಕೋಣೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡು ಮಾಡುತ್ತಿದ್ದಾರೆ. ಮೂರು ಗಂಟೆಯ ಬಾಡಿಗೆ ಸ್ಟುಡಿಯೋ ಅವರಿಗೆ ಬೇಕಿಲ್ಲ, ಊರು ಬಿಡಲೇಬೇಕು ಎಂಬ ಅನಿವಾರ್ಯತೆಯೂ ಇಲ್ಲ.

ಆದರೆ ಯಾವ ಹಾಡು 'ಎ' ಸೈಡ್, ಯಾವುದು 'ಬಿ' ಸೈಡ್ ಎಂದು ಮೊದಲೇ ಹೇಳುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ. ಮುಂದಿನ ಸಲ 'ಆಪ್ ಜೈಸಾ ಕೋಯಿ' ಕಿವಿಗೆ ಬಿದ್ದಾಗ ಧ್ವನಿಯ ಜೊತೆಗೆ ಅದರ ಅಡಿಯಲ್ಲಿ ಓಡುವ ಬೇಸ್ ಗಿಟಾರ್ ಅನ್ನೂ ಒಮ್ಮೆ ಗಮನವಿಟ್ಟು ಕೇಳಿ. ಅಲ್ಲಿರುವುದು ಬಿದ್ದು ಕೆಲಸ.